ಮನೆಗೊಂದು ಬಿಲ್, ಪರದೆಗೊಂದು ಚಂದಾ: ಆಟದ ನೇರಪ್ರಸಾರಕ್ಕೆ ತಗಲುವ ಖರ್ಚು

ಕ್ರಿಕೆಟ್, ಕಬಡ್ಡಿ, ಫುಟ್‌ಬಾಲ್, ಯಾವ ಆಟವೇ ಇರಲಿ, ಮನೆಯಲ್ಲಿ ಕೂತು ನೇರಪ್ರಸಾರ ನೋಡಲು ಇಂದು ಎರಡು ಮುಖ್ಯ ದಾರಿಗಳಿವೆ. ಒಂದು, ಕೇಬಲ್ ಅಥವಾ ಡಿಶ್ ಮೂಲಕ ಬರುವ ಟಿವಿ ಚಾನೆಲ್. ಇನ್ನೊಂದು, ಇಂಟರ್‌ನೆಟ್ ಮೂಲಕ ಬರುವ ಸ್ಟ್ರೀಮಿಂಗ್ ಆ್ಯಪ್. ಮೈದಾನ ಒಂದೇ, ಆಟಗಾರರು ಅವರೇ. ಆದರೆ ಹಣದ ಲೆಕ್ಕ ಎರಡು ಕಡೆ ಎರಡು ಬಗೆ. ಕೇಬಲ್ ಮನೆಗೆ ಬೆಲೆ ಕಟ್ಟುತ್ತದೆ: ಒಂದು ಟಿವಿಯ ಮುಂದೆ ಇಬ್ಬರು ಕೂತರೂ ಹತ್ತು ಮಂದಿ ಕೂತರೂ ಬಿಲ್ ಒಂದೇ. ಸ್ಟ್ರೀಮಿಂಗ್ ಪರದೆಗೆ ಬೆಲೆ ಕಟ್ಟುತ್ತದೆ: ಎಷ್ಟು ಮೊಬೈಲ್ ಅಥವಾ ಟಿವಿಗಳಲ್ಲಿ ನೋಡಬಹುದು ಎಂಬುದರ ಮೇಲೆ ಚಂದಾ ನಿಂತಿದೆ, ಅದರ ಮೇಲೆ ಡೇಟಾದ ಖರ್ಚು ಬೇರೆ. ಯಾವುದು ಅಗ್ಗ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಈ ಎರಡು ಲೆಕ್ಕಗಳನ್ನೂ ಬಿಡಿಸಿ ನೋಡಬೇಕು.

ಎರಡು ಲೆಕ್ಕಗಳ ಮೂಲ

ಈ ವ್ಯತ್ಯಾಸ ತಂತ್ರಜ್ಞಾನದಿಂದಲೇ ಹುಟ್ಟಿದ್ದು. ಟಿವಿ ಪ್ರಸಾರದಲ್ಲಿ ಉಪಗ್ರಹದಿಂದ ಇಳಿಯುವ ಸಂಕೇತ ಎಲ್ಲರಿಗೂ ಒಂದೇ. ಊರಿನ ಕೇಬಲ್ ಜಾಲದಲ್ಲಿ ನೂರು ಮನೆಗಳಿದ್ದರೂ ಸಾವಿರ ಮನೆಗಳಿದ್ದರೂ ಅದೇ ಸಂಕೇತ ತಂತಿಯಲ್ಲಿ ಹರಿಯುತ್ತದೆ. ನೋಡುಗರು ಹೆಚ್ಚಿದ ಮಾತ್ರಕ್ಕೆ ಪ್ರಸಾರದ ಖರ್ಚು ಹೆಚ್ಚುವುದಿಲ್ಲ.

ಸ್ಟ್ರೀಮಿಂಗ್‌ನಲ್ಲಿ ಹಾಗಲ್ಲ. ಆ್ಯಪ್ ತೆರೆದ ಪ್ರತಿಯೊಂದು ಮೊಬೈಲ್‌ಗೂ ಪಂದ್ಯದ ಬೇರೆಯದೇ ಪ್ರತಿ ಸರ್ವರ್‌ನಿಂದ ಹೊರಡಬೇಕು. 2023ರ ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ನಡುವೆ ವಿಶ್ವಕಪ್ ಫೈನಲ್ ನಡೆದಾಗ ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ನಲ್ಲಿ ಒಂದು ಹಂತದಲ್ಲಿ 5.9 ಕೋಟಿ ಮಂದಿ ಏಕಕಾಲಕ್ಕೆ ಪಂದ್ಯ ನೋಡುತ್ತಿದ್ದರು. ಅಂದರೆ ಆ ಕ್ಷಣದಲ್ಲಿ 5.9 ಕೋಟಿ ಪ್ರತ್ಯೇಕ ಹರಿವುಗಳು ಚಾಲೂ ಇದ್ದವು. ಹೀಗಾಗಿ ನೋಡುಗರು ಹೆಚ್ಚಿದಂತೆ ಕಂಪನಿಯ ಖರ್ಚೂ ಏರುತ್ತದೆ, ಚಂದಾ ಪರದೆಗಳ ಲೆಕ್ಕಕ್ಕೆ ಬರುತ್ತದೆ.

ಒಂದು ಎಸೆತದ ಬೆಲೆ

ಕೇಬಲ್ ಆಗಲಿ ಸ್ಟ್ರೀಮಿಂಗ್ ಆಗಲಿ, ಆಟದ ನೇರಪ್ರಸಾರ ದುಬಾರಿಯಾಗಲು ಮೊದಲ ಕಾರಣ ಪ್ರಸಾರದ ಹಕ್ಕು. ಐಪಿಎಲ್‌ನ ಮೊದಲ ಹತ್ತು ವರ್ಷಗಳ ಬಳಿಕ, 2018ರಿಂದ 2022ರವರೆಗಿನ ಐದು ವರ್ಷಗಳ ಹಕ್ಕನ್ನು ಟಿವಿ, ಡಿಜಿಟಲ್ ಎಲ್ಲ ಸೇರಿ ಸ್ಟಾರ್ ಸಂಸ್ಥೆ 16,347.5 ಕೋಟಿ ರೂಪಾಯಿಗೆ ಕೊಂಡಿತ್ತು. 2022ರ ಜೂನ್‌ನಲ್ಲಿ ಮುಂದಿನ ಐದು ವರ್ಷಗಳ ಹರಾಜು ನಡೆದಾಗ ಭಾರತದ ಕ್ರಿಕೆಟ್ ಮಂಡಳಿ ಟಿವಿಯನ್ನೂ ಡಿಜಿಟಲ್ಲನ್ನೂ ಬೇರ್ಪಡಿಸಿ ಮಾರಿತು. ಭಾರತದ ಟಿವಿ ಹಕ್ಕು 23,575 ಕೋಟಿಗೆ ಸ್ಟಾರ್ ಪಾಲಾಯಿತು. ಡಿಜಿಟಲ್ ಹಕ್ಕು 20,500 ಕೋಟಿಗೆ ವಯಾಕಾಮ್18ಕ್ಕೆ ಹೋಯಿತು. ಉಳಿದ ಪ್ಯಾಕೇಜ್‌ಗಳೂ ಸೇರಿ ಒಟ್ಟು ಮೊತ್ತ 48,390 ಕೋಟಿ ಮುಟ್ಟಿತು.

ಈ ಮೊತ್ತ 410 ಪಂದ್ಯಗಳಿಗೆ. ಭಾಗಿಸಿದರೆ ಒಂದು ಪಂದ್ಯಕ್ಕೆ ಸುಮಾರು 118 ಕೋಟಿ. ಟಿ20 ಪಂದ್ಯದ ಎರಡೂ ಇನಿಂಗ್ಸ್ ಪೂರ್ತಿ ನಡೆದರೆ 240 ಎಸೆತಗಳು. ಹಾಗಾದರೆ ಒಂದು ಎಸೆತಕ್ಕೆ ಬಿದ್ದ ಬೆಲೆ ಸುಮಾರು 49 ಲಕ್ಷ ರೂಪಾಯಿ. ಬ್ಯಾಟರ್ ಮುಟ್ಟದೆ ಬಿಟ್ಟ ಚೆಂಡಿಗೂ ಅಷ್ಟೇ. ಈ ಹಣ ವಾಪಸ್ ಬರುವ ದಾರಿ ಎರಡೇ: ಜಾಹೀರಾತು ಮತ್ತು ನೋಡುಗರ ಜೇಬು.

ಜಾಹೀರಾತೊಂದನ್ನೇ ನೆಚ್ಚಿಕೊಂಡ ಪ್ರಯೋಗವೂ ನಡೆಯಿತು. ವಯಾಕಾಮ್18ರ ಆ್ಯಪ್ ಜಿಯೊಸಿನಿಮಾ 2023ರ ಐಪಿಎಲ್ ಅನ್ನು ಉಚಿತವಾಗಿ ತೋರಿಸಿತು, ಕನ್ನಡವೂ ಸೇರಿ 12 ಭಾಷೆಗಳಲ್ಲಿ ವೀಕ್ಷಕ ವಿವರಣೆ ಕೊಟ್ಟಿತು. ಎದುರಾಳಿ ಹಾಟ್‌ಸ್ಟಾರ್ ಅದೇ ವರ್ಷದ ಏಕದಿನ ವಿಶ್ವಕಪ್ ಅನ್ನು ಮೊಬೈಲ್‌ನಲ್ಲಿ ಉಚಿತ ಮಾಡಿತು. 2024ರ ನವೆಂಬರ್‌ನಲ್ಲಿ ಈ ಎರಡು ಆ್ಯಪ್‌ಗಳ ಹಿಂದಿದ್ದ ರಿಲಯನ್ಸ್ ಮತ್ತು ಡಿಸ್ನಿಯ ಭಾರತದ ಮಾಧ್ಯಮ ವ್ಯವಹಾರಗಳು ಒಂದಾದವು. 2025ರ ಫೆಬ್ರವರಿ 14ರಂದು ಎರಡೂ ಆ್ಯಪ್ ಸೇರಿ ಜಿಯೊಹಾಟ್‌ಸ್ಟಾರ್ ಆಯಿತು. ಪೈಪೋಟಿ ಇದ್ದಾಗ ಬಿಟ್ಟಿ ಸಿಕ್ಕ ಆಟ, ಪೈಪೋಟಿ ಮುಗಿದ ಮೇಲೆ ಮತ್ತೆ ಚಂದಾದ ಒಳಗೆ ಹೋಯಿತು. ನೋಡುಗರು ನೆನಪಿಡಬೇಕಾದ ಪಾಠ ಇದು: ಸ್ಟ್ರೀಮಿಂಗ್‌ನಲ್ಲಿ ಈ ವರ್ಷದ ಬೆಲೆ ಮುಂದಿನ ವರ್ಷವೂ ಅಷ್ಟೇ ಇರುತ್ತದೆ ಎಂದು ನಂಬುವಂತಿಲ್ಲ.

ಕೇಬಲ್ ಬಿಲ್‌ನ ಒಳಗೆ

ಕೇಬಲ್ ದರಕ್ಕೆ ಒಬ್ಬ ಕಾವಲುಗಾರನಿದ್ದಾನೆ. ಅದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಎಲ್ಲರ ಬಾಯಲ್ಲಿ ಟ್ರಾಯ್. 2004ರಿಂದ ಪ್ರಸಾರ ಮತ್ತು ಕೇಬಲ್ ಸೇವೆಯೂ ಅದರ ವ್ಯಾಪ್ತಿಯಲ್ಲಿದೆ. 2019ರ ಫೆಬ್ರವರಿ 1ರಿಂದ ಪೂರ್ಣವಾಗಿ ಜಾರಿಗೆ ಬಂದ ಹೊಸ ದರ ಪದ್ಧತಿ ಬಿಲ್ ಅನ್ನು ಎರಡು ಭಾಗ ಮಾಡಿತು.

ಮೊದಲ ಭಾಗ ಎನ್‌ಸಿಎಫ್, ಅಂದರೆ ತಂತಿ ಅಥವಾ ಡಿಶ್‌ನ ಸಂಪರ್ಕ ಶುಲ್ಕ. ಮೊದಲು 100 ಚಾನೆಲ್‌ಗಳಿಗೆ ತಿಂಗಳಿಗೆ ಗರಿಷ್ಠ 130 ರೂಪಾಯಿ ಎಂದಿತ್ತು. 2020ರ ತಿದ್ದುಪಡಿಯಲ್ಲಿ ಅದೇ 130 ರೂಪಾಯಿಗೆ 200 ಚಾನೆಲ್ ಕೊಡಬೇಕು ಎಂದಾಯಿತು. ಉಚಿತ ಚಾನೆಲ್‌ಗಳೆಲ್ಲ ಇದರಲ್ಲೇ ಬರುತ್ತವೆ. ಎರಡನೇ ಭಾಗ ಪೇ ಚಾನೆಲ್‌ಗಳ ಬೆಲೆ. ಪ್ರತಿ ಚಾನೆಲ್ಲಿಗೂ ಪ್ರಸಾರ ಸಂಸ್ಥೆ ಬೆಲೆ ಘೋಷಿಸಬೇಕು. ಬೇಕಾದ್ದನ್ನು ಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ಗ್ರಾಹಕರದು. 19 ರೂಪಾಯಿಗಿಂತ ಹೆಚ್ಚು ಬೆಲೆಯ ಚಾನೆಲ್ ಅನ್ನು ಪ್ಯಾಕ್‌ನಲ್ಲಿ ಸೇರಿಸುವಂತಿಲ್ಲ. ಒಟ್ಟು ಮೊತ್ತದ ಮೇಲೆ ಶೇ. 18ರಷ್ಟು ಜಿಎಸ್‌ಟಿ.

ಚಾನೆಲ್ ಬೆಲೆಯ ಕನಿಷ್ಠ ಶೇ. 20 ವಿತರಕರಿಗೆ, ಉಳಿದದ್ದು ಪ್ರಸಾರ ಸಂಸ್ಥೆಗೆ. ಸಂಪರ್ಕ ಶುಲ್ಕದಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ದೊಡ್ಡ ಕೇಬಲ್ ಕಂಪನಿಗೆ ಶೇ. 55, ಮನೆಬಾಗಿಲಿಗೆ ಬಂದು ಹಣ ಪಡೆಯುವ, ತಂತಿ ತುಂಡಾದರೆ ಏಣಿ ಹಾಕಿಕೊಂಡು ಹತ್ತುವ ಬೀದಿಯ ಕೇಬಲ್‌ನವರಿಗೆ ಶೇ. 45 ಎಂದು ನಿಯಮ ಹೇಳಿತು.

ಈಗ ಒಂದು ಬಿಲ್ ಹಾಕಿ ನೋಡಬಹುದು. ಆಟದ ಒಂದೇ ಚಾನೆಲ್ ಸಾಕು, ಅದರ ಬೆಲೆ 19 ರೂಪಾಯಿ ಎಂದಿಟ್ಟುಕೊಳ್ಳೋಣ. 130ಕ್ಕೆ 19 ಸೇರಿ 149. ಜಿಎಸ್‌ಟಿ ಸೇರಿ 175 ರೂಪಾಯಿ 82 ಪೈಸೆ. ಆದರೆ ಕೇಬಲ್ ಇರುವ ಮನೆಯಲ್ಲಿ ಸಂಜೆಯ ಧಾರಾವಾಹಿಗಳೂ ಬೇಕು. 19 ರೂಪಾಯಿಯ ನಾಲ್ಕು ಮನರಂಜನಾ ಚಾನೆಲ್ ಸೇರಿಸಿದರೆ ಮೊತ್ತ 225, ಜಿಎಸ್‌ಟಿ ಸೇರಿ 265 ರೂಪಾಯಿ 50 ಪೈಸೆ. ವರ್ಷಕ್ಕೆ 3,186 ರೂಪಾಯಿ. ಒಳಕೋಣೆಯಲ್ಲಿ ಎರಡನೇ ಟಿವಿ ಇದ್ದರೆ ಅದಕ್ಕೆ ಎನ್‌ಸಿಎಫ್‌ನ ಶೇ. 40 ಮೀರಿ ಕೇಳುವಂತಿಲ್ಲ ಎಂದು 2020ರ ತಿದ್ದುಪಡಿ ಹೇಳಿತ್ತು, ಅಂದರೆ 52 ರೂಪಾಯಿ. ಅದರ ಚಾನೆಲ್ ಬೆಲೆ ಬೇರೆ.

2024ರ ಜುಲೈನಲ್ಲಿ ಟ್ರಾಯ್ ಈ ಎನ್‌ಸಿಎಫ್ ಮಿತಿಯನ್ನು ತೆಗೆದುಹಾಕಿತು. ಈಗ ಶುಲ್ಕ ಎಷ್ಟೆಂದು ಕೇಬಲ್ ಮತ್ತು ಡಿಟಿಎಚ್ (ಡಿಶ್) ಕಂಪನಿಗಳೇ ಘೋಷಿಸುತ್ತವೆ. ಆದ್ದರಿಂದ ಮೇಲಿನ ಲೆಕ್ಕ ಒಂದು ಅಳತೆಗೋಲು ಅಷ್ಟೇ. ನಿಜವಾದ ಮೊತ್ತಕ್ಕೆ ತಮ್ಮೂರಿನ ಬಿಲ್ ಅನ್ನೇ ನೋಡಬೇಕು. ಪ್ಯಾಕ್‌ನೊಳಗೆ ಯಾರೂ ನೋಡದ ಚಾನೆಲ್‌ಗಳಿದ್ದರೆ ತೆಗೆಸುವ ಹಕ್ಕು ಇವತ್ತಿಗೂ ಇದೆ. ಕೇಳದೇ ಇರುವುದರಿಂದಲೇ ಎಷ್ಟೋ ಮನೆಗಳ ಬಿಲ್ ಇಳಿಯುವುದಿಲ್ಲ.

ಆ್ಯಪ್‌ನ ಚಂದಾ

ಸ್ಟ್ರೀಮಿಂಗ್ ಚಂದಾಕ್ಕೆ ಇಂಥ ದರ ನಿಯಂತ್ರಣ ಇಲ್ಲ. ಕಂಪನಿ ಹೇಳಿದ್ದೇ ಬೆಲೆ. 2025ರಲ್ಲಿ ಜಿಯೊಹಾಟ್‌ಸ್ಟಾರ್ ಆರಂಭವಾದಾಗಿನ ದರಪಟ್ಟಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದೇ ಮೊಬೈಲ್‌ನಲ್ಲಿ ನೋಡುವ ಪ್ಲಾನ್ ಮೂರು ತಿಂಗಳಿಗೆ 149 ರೂಪಾಯಿ, ವರ್ಷಕ್ಕೆ 499 ಇತ್ತು. ಟಿವಿಯೂ ಸೇರಿ ಎರಡು ಪರದೆಗಳ ಪ್ಲಾನ್ ಮೂರು ತಿಂಗಳಿಗೆ 299, ವರ್ಷಕ್ಕೆ 899 ಇತ್ತು. ನಾಲ್ಕು ಪರದೆಗಳ ಪ್ಲಾನ್ ಮೂರು ತಿಂಗಳಿಗೆ 499, ವರ್ಷಕ್ಕೆ 1,499 ಇತ್ತು. ಈ ದುಬಾರಿ ಪ್ಲಾನ್‌ನಲ್ಲಿ ಸಿನಿಮಾ, ಧಾರಾವಾಹಿಗಳ ನಡುವೆ ಜಾಹೀರಾತು ಇಲ್ಲ. ಆದರೆ ಆಟದ ನೇರಪ್ರಸಾರದಲ್ಲಿ ಓವರ್ ನಡುವಿನ ಜಾಹೀರಾತು ಎಲ್ಲ ಪ್ಲಾನ್‌ಗೂ ಇದೆ. ಆಟಕ್ಕಾಗಿಯೇ ಚಂದಾ ಕಟ್ಟುವವರು ಇದನ್ನು ತಿಳಿದಿರಬೇಕು.

ಚಂದಾ ಕೆಲವೊಮ್ಮೆ ರೀಚಾರ್ಜ್‌ನೊಳಗೆ ಅಡಗಿರುತ್ತದೆ. 2025ರ ಐಪಿಎಲ್ ವೇಳೆಗೆ ಜಿಯೊ ತನ್ನ 299 ರೂಪಾಯಿ ಮತ್ತು ಅದಕ್ಕಿಂತ ಮೇಲಿನ ಪ್ಲಾನ್‌ಗಳ ಜೊತೆ 90 ದಿನಗಳ ಜಿಯೊಹಾಟ್‌ಸ್ಟಾರ್ ಕೊಟ್ಟಿತು. ಇದಕ್ಕೆ ಮುಂಚೆ, 2024ರ ಜುಲೈನಲ್ಲಿ, ದಿನಕ್ಕೆ 1.5 ಜಿಬಿಯ ಅದೇ 28 ದಿನಗಳ ಪ್ಲಾನ್ 239ರಿಂದ 299ಕ್ಕೆ ಏರಿತ್ತು. ಹೀಗಾಗಿ ಉಚಿತ ಎಂದು ಬಂದ ಚಂದಾದ ಲೆಕ್ಕ ಹಾಕುವಾಗ ರೀಚಾರ್ಜ್‌ನ ಮೊತ್ತವನ್ನೂ ಜೊತೆಗಿಟ್ಟು ನೋಡಬೇಕು.

ಡೇಟಾ: ಕಾಣದ ಎರಡನೇ ಬಿಲ್

ಕೇಬಲ್‌ನಲ್ಲಿ ಎಷ್ಟು ಹೊತ್ತು ನೋಡಿದರೂ ಬಿಲ್ ಬದಲಾಗುವುದಿಲ್ಲ. ಆ್ಯಪ್‌ನಲ್ಲಿ ಪ್ರತಿ ನಿಮಿಷಕ್ಕೂ ಡೇಟಾ ಕರಗುತ್ತದೆ. ಚಿತ್ರ ಎಷ್ಟು ಸ್ಪಷ್ಟವೋ ಖರ್ಚು ಅಷ್ಟು ಹೆಚ್ಚು.

ಮೊಬೈಲ್‌ನಲ್ಲಿ ಸಾಧಾರಣ ಗುಣಮಟ್ಟದಲ್ಲಿ, ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಪಂದ್ಯ ಬರುತ್ತಿದೆ ಎಂದುಕೊಳ್ಳೋಣ. ಗಂಟೆಗೆ 450 ಎಂಬಿ ಬೇಕು. ದಿನಕ್ಕೆ 1.5 ಜಿಬಿ ಇರುವ ರೀಚಾರ್ಜ್‌ನಲ್ಲಿ ಬೇರೇನನ್ನೂ ನೋಡದೆ ಪಂದ್ಯವೊಂದನ್ನೇ ನೋಡಿದರೂ ಡೇಟಾ ಬಾಳುವುದು ಮೂರು ಗಂಟೆ ಇಪ್ಪತ್ತು ನಿಮಿಷ. ಐಪಿಎಲ್ ಪಂದ್ಯ ಸಂಜೆ 7.30ಕ್ಕೆ ಶುರುವಾದರೆ 10.50ಕ್ಕೆ ಡೇಟಾ ಖಾಲಿ. ಎಷ್ಟೋ ಪಂದ್ಯಗಳಲ್ಲಿ ಅದು ಕೊನೆಯ ಓವರ್‌ಗಳ ಹೊತ್ತು. ಗೆಲುವಿಗೆ ಹತ್ತಾರು ರನ್ ಬೇಕಿರುವಾಗ ಪರದೆಯ ನಡುವೆ ಚಕ್ರ ತಿರುಗಲು ಶುರುವಾಗುತ್ತದೆ, ಮನೆಯವರ ಹಾಟ್‌ಸ್ಪಾಟ್‌ಗಾಗಿ ಕೈ ಚಾಚಬೇಕಾಗುತ್ತದೆ, ಇಲ್ಲವೇ ಡೇಟಾ ಬೂಸ್ಟರ್ ಹಾಕಿಸಬೇಕಾಗುತ್ತದೆ. ಎಂಟು ಗಂಟೆಯ ಏಕದಿನ ಪಂದ್ಯಕ್ಕೆ ಇದೇ ಗುಣಮಟ್ಟದಲ್ಲಿ 3.6 ಜಿಬಿ ಬೇಕು.

ದೊಡ್ಡ ಟಿವಿಯಲ್ಲಿ ಮಸುಕಿಲ್ಲದೆ ನೋಡಲು ಸೆಕೆಂಡಿಗೆ 5 ಮೆಗಾಬಿಟ್ ಬೇಕೆಂದರೆ ಗಂಟೆಗೆ 2.25 ಜಿಬಿ, ಮೂರೂವರೆ ಗಂಟೆಯ ಪಂದ್ಯಕ್ಕೆ ಸುಮಾರು 8 ಜಿಬಿ. 74 ಪಂದ್ಯಗಳ ಐಪಿಎಲ್ ಪೂರ್ತಿ ನೋಡಿದರೆ ಸುಮಾರು 580 ಜಿಬಿ. ಇದನ್ನು ಮೊಬೈಲ್ ರೀಚಾರ್ಜ್ ಹೊರಲಾರದು. ಮನೆಗೆ ಫೈಬರ್ ಇಂಟರ್‌ನೆಟ್ ಬೇಕು.

ಮೂರು ಮನೆಗಳ ಲೆಕ್ಕ

ಮೊದಲನೆಯದು, ಈಗಾಗಲೇ ಫೈಬರ್ ಇರುವ ಮನೆ. ಮಕ್ಕಳ ಓದಿಗೋ ಕಚೇರಿ ಕೆಲಸಕ್ಕೋ ಇಂಟರ್‌ನೆಟ್ ಹೇಗೂ ಇದೆ. ಐಪಿಎಲ್‌ಗಾಗಿ ಮೂರು ತಿಂಗಳು ಎರಡು ಪರದೆಗಳ ಚಂದಾ ಹಾಕಿದರೆ, ಮೇಲಿನ ದರಪಟ್ಟಿಯ ಪ್ರಕಾರ, 299 ರೂಪಾಯಿ. ಅದೇ ಮೂರು ತಿಂಗಳಿಗೆ ಆಟದ ಒಂದೇ ಚಾನೆಲ್ ಇರುವ ಕೇಬಲ್ ಬಿಲ್ 527 ರೂಪಾಯಿ. ಇಲ್ಲಿ ಸ್ಟ್ರೀಮಿಂಗ್ ಸ್ಪಷ್ಟವಾಗಿ ಅಗ್ಗ.

ಎರಡನೆಯದು, ಫೈಬರ್ ಇಲ್ಲದ, ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಒಂದೇ ಟಿವಿ ನೋಡುವ ಮನೆ. ಮನರಂಜನೆಯೂ ಆಟವೂ ಸೇರಿದ ಕೇಬಲ್‌ಗೆ ಮೂರು ತಿಂಗಳಿಗೆ 796 ರೂಪಾಯಿ 50 ಪೈಸೆ. ಸ್ಟ್ರೀಮಿಂಗ್‌ಗೆ ಬದಲಾಗಬೇಕಾದರೆ ಮೊದಲು ಇಂಟರ್‌ನೆಟ್ ಹಾಕಿಸಬೇಕು. 399 ರೂಪಾಯಿಯ ಫೈಬರ್ ಪ್ಲಾನ್‌ಗೆ ಜಿಎಸ್‌ಟಿ ಸೇರಿದರೆ 470 ರೂಪಾಯಿ 82 ಪೈಸೆ. ಮೂರು ತಿಂಗಳಿಗೆ 1,412. ಚಂದಾ ಸೇರಿ 1,711 ರೂಪಾಯಿ. ಆಟಕ್ಕೆಂದೇ ಹಾಕಿಸುವುದಾದರೆ ಇದು ಕೇಬಲ್‌ನ ಎರಡು ಪಟ್ಟಿಗೂ ಹೆಚ್ಚು. ಟಿವಿ ಸ್ಮಾರ್ಟ್ ಅಲ್ಲದಿದ್ದರೆ ಹಿಂಬದಿಗೆ ಚುಚ್ಚುವ ಸ್ಟಿಕ್ ಒಂದನ್ನೂ ಕೊಳ್ಳಬೇಕು.

ಮೂರನೆಯದು, ಟಿವಿಯೇ ಇಲ್ಲದ ಕೋಣೆ. ಬೆಂಗಳೂರಿನ ಪಿಜಿಗಳಲ್ಲಿ, ಹಾಸ್ಟೆಲ್‌ಗಳಲ್ಲಿ ಇರುವವರು, ದಿನಗೂಲಿ ಮುಗಿಸಿ ಶೆಡ್‌ಗೆ ಮರಳುವವರು ಈ ಲೆಕ್ಕದವರು. ರೀಚಾರ್ಜ್ ಹೇಗೂ ಮಾಡಿಸಿರುತ್ತಾರೆ, ಚಂದಾ ಮೂರು ತಿಂಗಳಿಗೆ 149 ರೂಪಾಯಿ, ತಿಂಗಳಿಗೆ 50ಕ್ಕೂ ಕಡಿಮೆ. ಒಬ್ಬರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ಕೋಣೆಯ ನಾಲ್ವರೂ ಬೇರೆ ಬೇರೆ ಚಂದಾ ಹಾಕಿ ತಮ್ಮ ತಮ್ಮ ಮೊಬೈಲ್‌ನಲ್ಲಿ ನೋಡುತ್ತೇವೆ ಎಂದರೆ ಒಟ್ಟು 596 ರೂಪಾಯಿ ಆಗುತ್ತದೆ, ಒಂದೇ ಪಂದ್ಯಕ್ಕೆ ನಾಲ್ಕು ಕಡೆ ಡೇಟಾ ಕರಗುತ್ತದೆ. ಕೂಡಿ ನೋಡುವವರಿಗೆ ಕೇಬಲ್, ಒಂಟಿಯಾಗಿ ನೋಡುವವರಿಗೆ ಆ್ಯಪ್ ಎಂಬ ವ್ಯತ್ಯಾಸ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಸ್ಟ್ರೀಮಿಂಗ್‌ಗೆ ಇನ್ನೊಂದು ಅನುಕೂಲವಿದೆ. ಋತು ಮುಗಿದ ಕೂಡಲೇ ನಿಲ್ಲಿಸಬಹುದು. ಪ್ರೊ ಕಬಡ್ಡಿಗೆ ಮೂರು ತಿಂಗಳು, ಐಪಿಎಲ್‌ಗೆ ಮೂರು ತಿಂಗಳು ಎಂದು ಬೇಕಾದಾಗ ಮಾತ್ರ ಹಣ ಹಾಕುವ ಸ್ವಾತಂತ್ರ್ಯ ಅಲ್ಲಿದೆ. ಆದರೆ ಆಟೊಪೇ ಚಾಲೂ ಇದ್ದರೆ ಪಂದ್ಯಗಳು ಮುಗಿದ ಮೇಲೂ ಖಾತೆಯಿಂದ ಹಣ ಹೋಗುತ್ತಲೇ ಇರುತ್ತದೆ.

ಹಂಚಿಹೋದ ಹಕ್ಕುಗಳು

ಮೇಲಿನ ಲೆಕ್ಕವೆಲ್ಲ ಒಂದೇ ಆ್ಯಪ್‌ಗೆ ಸಂಬಂಧಿಸಿದ್ದು. ಎಲ್ಲ ಆಟಗಳೂ ಒಂದೇ ಕಡೆ ಸಿಗುವುದಿಲ್ಲ ಎಂಬುದು ನಿಜವಾದ ತೊಡಕು. 2025ರ ಬೇಸಿಗೆಯಲ್ಲಿ ಭಾರತ ತಂಡ ಇಂಗ್ಲೆಂಡ್‌ನಲ್ಲಿ ಐದು ಟೆಸ್ಟ್ ಆಡಿದಾಗ ಟಿವಿಯಲ್ಲಿ ಸೋನಿ ಸ್ಪೋರ್ಟ್ಸ್, ಮೊಬೈಲ್‌ನಲ್ಲಿ ಜಿಯೊಹಾಟ್‌ಸ್ಟಾರ್. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ಬಂದಾಗ ಟಿವಿಯಲ್ಲಿ ಮತ್ತೆ ಸೋನಿ, ಆದರೆ ಮೊಬೈಲ್‌ನಲ್ಲಿ ಸೋನಿ ಲಿವ್. ಆ್ಯಪ್‌ನಲ್ಲೇ ನೋಡುವವರು ಒಂದೆರಡು ತಿಂಗಳ ಅಂತರದಲ್ಲಿ ಎರಡು ಚಂದಾ ಕಟ್ಟಬೇಕಾಯಿತು. ಆ ವರ್ಷ ಫಾರ್ಮುಲಾ ಒನ್ ಕಾರ್ ರೇಸ್ ಬೇಕೆಂದರೆ ಫ್ಯಾನ್‌ಕೋಡ್ ಎಂಬ ಮೂರನೇ ಆ್ಯಪ್ ಬೇಕಿತ್ತು.

ಕೇಬಲ್‌ನಲ್ಲಿಯೂ ಹಕ್ಕುಗಳು ಹಂಚಿಹೋಗಿವೆ. ಆದರೆ ಅಲ್ಲಿ ಇನ್ನೊಂದು ಆಟದ ಚಾನೆಲ್ ಸೇರಿಸಲು ತಗಲುವುದು 19 ರೂಪಾಯಿಯ ಆಸುಪಾಸು, ಬಿಲ್ ಒಂದೇ, ರಿಮೋಟ್ ಒಂದೇ. ವರ್ಷವಿಡೀ ನಾಲ್ಕಾರು ಆಟಗಳನ್ನು ಹಿಂಬಾಲಿಸುವ ಮನೆಗೆ ಕೇಬಲ್ ಇಂದಿಗೂ ಗಿಟ್ಟುವುದು ಈ ಕಾರಣಕ್ಕೆ.

ತಿಂಗಳ ಬಿಲ್ ಇಲ್ಲದ ದಾರಿ

ಈ ಎರಡರ ಹೊರಗೆ ಮೂರನೇ ದಾರಿಯೊಂದಿದೆ: ದೂರದರ್ಶನದ ಡಿಡಿ ಫ್ರೀ ಡಿಶ್. ಇದರ ಹಿಂದೆ ಹಳೆಯ ಹೋರಾಟದ ಕಥೆ ಇದೆ. 1993ರ ಹೀರೊ ಕಪ್ ಕ್ರಿಕೆಟ್ ಪ್ರಸಾರದ ವಿವಾದದಲ್ಲಿ ಸುಪ್ರೀಂ ಕೋರ್ಟ್ 1995ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟು, ವಾಯುತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸಾರಿತು. 2007ರಲ್ಲಿ ಸಂಸತ್ತು ಕಾನೂನನ್ನೇ ಮಾಡಿತು: ರಾಷ್ಟ್ರೀಯ ಮಹತ್ವದ ಪಂದ್ಯಗಳ ಹಕ್ಕನ್ನು ಯಾರೇ ಕೊಂಡಿರಲಿ, ನೇರಪ್ರಸಾರದ ಸಂಕೇತವನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕು. ಟಿವಿ ಜಾಹೀರಾತಿನ ಆದಾಯದಲ್ಲಿ ಹಕ್ಕುದಾರರಿಗೆ ಶೇ. 75, ಪ್ರಸಾರ ಭಾರತಿಗೆ ಶೇ. 25.

ಭಾರತ ಪುರುಷರ ತಂಡದ ಏಕದಿನ ಮತ್ತು ಟಿ20 ಅಂತರರಾಷ್ಟ್ರೀಯ ಪಂದ್ಯಗಳು, ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಕ್ರೀಡಾಕೂಟ ಈ ಪಟ್ಟಿಯಲ್ಲಿವೆ. ಐಪಿಎಲ್ ಇಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಗೆರೆ ಎಳೆಯಿತು: ಹೀಗೆ ಪಡೆದ ಸಂಕೇತ ದೂರದರ್ಶನದ ಸ್ವಂತ ಜಾಲಕ್ಕೆ ಮಾತ್ರ, ಖಾಸಗಿ ಕೇಬಲ್‌ಗೆ ಹರಿಸುವಂತಿಲ್ಲ. ಹೀಗಾಗಿ ಕೇಬಲ್ ಮನೆಯಲ್ಲಿ ದೂರದರ್ಶನದ ಚಾನೆಲ್ ಇದ್ದರೂ ಈ ಪಂದ್ಯಗಳು ಅಲ್ಲಿ ಕಾಣುವುದಿಲ್ಲ. ಫ್ರೀ ಡಿಶ್ ಇರುವ ಮನೆಯಲ್ಲಿ ಕಾಣುತ್ತವೆ. ಡಿಶ್ ಮತ್ತು ಬಾಕ್ಸ್‌ಗೆ ಒಮ್ಮೆ ಹಣ ಕೊಟ್ಟರೆ ಆಯಿತು, ತಿಂಗಳ ಬಿಲ್ ಇಲ್ಲ, ರೀಚಾರ್ಜ್ ಇಲ್ಲ. ಭಾರತ ತಂಡದ ಪಂದ್ಯಗಳಷ್ಟೇ ಸಾಕು ಎನ್ನುವ ಹಳ್ಳಿಮನೆಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ದುಡ್ಡಿಲ್ಲದವರೂ ದೇಶದ ಆಟ ನೋಡಬೇಕು ಎಂಬ ತತ್ವ ಕಾನೂನಿನಲ್ಲಿ ಉಳಿದಿರುವುದು ಸಣ್ಣ ಸಂಗತಿಯಲ್ಲ.

ಬೆಲೆಪಟ್ಟಿಯಲ್ಲಿ ಕಾಣದ್ದು

ಕೆಲವು ವ್ಯತ್ಯಾಸಗಳು ರೂಪಾಯಿಗೆ ಸಿಕ್ಕುವುದಿಲ್ಲ. ಆ್ಯಪ್‌ನ ಚಿತ್ರವನ್ನು ತುಣುಕು ತುಣುಕಾಗಿ ಕಟ್ಟಿ, ಸರ್ವರ್‌ಗಳಿಗೆ ಸಾಗಿಸಿ, ಮೊಬೈಲ್‌ನಲ್ಲಿ ಸ್ವಲ್ಪ ಕೂಡಿಟ್ಟು ತೋರಿಸಬೇಕಾದ್ದರಿಂದ ಅದು ಟಿವಿಗಿಂತ ಸಾಮಾನ್ಯವಾಗಿ ಹತ್ತಾರು ಸೆಕೆಂಡು ಹಿಂದಿರುತ್ತದೆ. ಮೊಬೈಲ್‌ನಲ್ಲಿ ಬೌಲರ್ ಇನ್ನೂ ಓಡಿಬರುತ್ತಿರುವಾಗಲೇ ಪಕ್ಕದ ಕೇಬಲ್ ಮನೆಯಿಂದ ಸಿಕ್ಸರ್‌ನ ಕೂಗು ಕೇಳಿಬರುತ್ತದೆ. ಇನ್ನು ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ಡಿಶ್‌ನ ಸಂಕೇತ ಕೈಕೊಡುತ್ತದೆ. ಕರೆಂಟ್ ಹೋದರೆ ಟಿವಿ ಆರುತ್ತದೆ, ಮೊಬೈಲ್ ಉಳಿಯುತ್ತದೆ. ಕೇಬಲ್ ತಂತಿಯೂ ತಲುಪದ, ನೆಟ್‌ವರ್ಕ್ ಕೂಡ ಸರಿಯಾಗಿ ಸಿಗದ ಮಲೆನಾಡಿನ ಒಂಟಿಮನೆಗಳಿಗೆ ಡಿಶ್ ಒಂದೇ ಗತಿ. ಭಾಷೆಯ ವಿಷಯದಲ್ಲಿ ಆ್ಯಪ್ ಮುಂದು: ಒಂದೇ ಚಂದಾದಲ್ಲಿ, ಲಭ್ಯವಿರುವ ಕಡೆ, ಕನ್ನಡದಿಂದ ಬೇರೆ ಭಾಷೆಗೆ ಬೆರಳ ತುದಿಯಲ್ಲಿ ಹೋಗಿಬರಬಹುದು. ಟಿವಿಯಲ್ಲಿ ಪ್ರತಿ ಭಾಷೆಯೂ ಬೇರೆ ಚಾನೆಲ್.

ಹಣ ಹಾಕುವ ಮುನ್ನ

ದೇಶದಲ್ಲಿ ಹಣ ಕಟ್ಟಿ ಡಿಟಿಎಚ್ ನೋಡುವವರ ಸಂಖ್ಯೆ 2020ರ ಕೊನೆಗೆ 7 ಕೋಟಿ ದಾಟಿತ್ತು. 2025ರ ಹೊತ್ತಿಗೆ 6 ಕೋಟಿಗಿಂತ ಕೆಳಗಿಳಿದಿತ್ತು. ಎಷ್ಟೋ ಮನೆಗಳು ಈಗ ದಾರಿ ಬದಲಿಸುತ್ತಿವೆ. ಬದಲಿಸುವ ಮುನ್ನ ನಾಲ್ಕು ಪ್ರಶ್ನೆಗಳಿಗೆ ಉತ್ತರ ಇರಬೇಕು. ಬೇಕಾದ ಸರಣಿಯ ಟಿವಿ ಹಕ್ಕು ಯಾರದು, ಡಿಜಿಟಲ್ ಹಕ್ಕು ಯಾರದು? ವರ್ಷದಲ್ಲಿ ಎಷ್ಟು ತಿಂಗಳು ಆಟ ನೋಡುವುದಿದೆ? ಮನೆಯಲ್ಲಿ ಎಷ್ಟು ಪರದೆಗಳು ಒಟ್ಟಿಗೆ ನಡೆಯುತ್ತವೆ? ಇಂಟರ್‌ನೆಟ್ ಈಗಾಗಲೇ ಇದೆಯೋ, ಆಟಕ್ಕಾಗಿಯೇ ಹಾಕಿಸಬೇಕೋ?

ಫೈಬರ್ ಇದ್ದು ಒಂದೆರಡು ಸರಣಿ ಮಾತ್ರ ನೋಡುವವರಿಗೆ ಮೂರು ತಿಂಗಳ ಚಂದಾ ಸಾಕು. ವರ್ಷವಿಡೀ ಹಲವು ಆಟ, ಮನೆಮಂದಿಗೆಲ್ಲ ಧಾರಾವಾಹಿ ಎನ್ನುವವರಿಗೆ ಬೇಡದ ಚಾನೆಲ್ ತೆಗೆಸಿದ ಕೇಬಲ್ ಒಳ್ಳೆಯದು. ಒಂಟಿಯಾಗಿ ಇರುವವರಿಗೆ ಮೊಬೈಲ್ ಪ್ಲಾನ್, ಭಾರತ ತಂಡದ ಪಂದ್ಯಗಳಷ್ಟೇ ಬೇಕಾದವರಿಗೆ ಫ್ರೀ ಡಿಶ್. ಕೇಬಲ್ ಅನ್ನೂ ಇಟ್ಟುಕೊಂಡು, ಅದರಲ್ಲಿ ಬರುವ ಪಂದ್ಯಗಳಿಗೇ ಆ್ಯಪ್‌ಗೂ ಚಂದಾ ಕಟ್ಟುತ್ತಿರುವ ಮನೆಗಳು ಮಾತ್ರ ಒಂದೇ ಆಟಕ್ಕೆ ಎರಡು ಸಲ ಹಣ ಕೊಡುತ್ತಿವೆ. ಉಳಿತಾಯ ಶುರುವಾಗಬೇಕಾದದ್ದು ಅಲ್ಲಿಂದ.